ಕೋತಗಿರಿಗೆ ವಿಶ್ರಾಂತಿ ಅರಸಿ ಬಂದ ಗವರ್ನರ್ ಜನರಲ್: ಡಾಲ್‌ಹೌಸಿಯ ಬದುಕು ಮತ್ತು ಬೇನೆ

ಕೋತಗಿರಿಯ ಆಂಗ್ಲರ ಕಾಲದ ಚರಿತ್ರೆಯನ್ನು ಹೇಳುವವರು ಜಾನ್ ಸಲ್ಲಿವನ್‌ನಿಂದ ಆರಂಭಿಸಿ ಅವನಲ್ಲಿಯೇ ಮುಗಿಸುವುದು ವಾಡಿಕೆ. ಕೊಯಮತ್ತೂರಿನ ಕಲೆಕ್ಟರನಾಗಿದ್ದ ಅವನು 1819ರಲ್ಲಿ ಕನ್ನೇರಿಮುಕ್ಕಿನಲ್ಲಿ ಕಟ್ಟಿಸಿದ ಬಂಗಲೆ ಇಂದಿಗೂ ನಿಂತಿರುವುದರಿಂದ ಆ ಕಥೆಗೆ ಸಾಕ್ಷಿ ಸುಲಭವಾಗಿ ಸಿಗುತ್ತದೆ. ಅದಾದ 36 ವರ್ಷಗಳ ನಂತರ, ಇಡೀ ಭಾರತದ ಆಡಳಿತ ಸೂತ್ರವನ್ನು ಹಿಡಿದಿದ್ದ ಒಬ್ಬ ವ್ಯಕ್ತಿ ಇದೇ ಬೆಟ್ಟಕ್ಕೆ ರೋಗಿಯಾಗಿ ಬಂದು ತಂಗಿದ್ದನೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಅವನೇ ಲಾರ್ಡ್ ಡಾಲ್‌ಹೌಸಿ. ಸಮಾಜ ವಿಜ್ಞಾನದ ಪಾಠದಲ್ಲಿ ‘ದತ್ತು ಮಕ್ಕಳಿಗೆ ಹಕ್ಕಿಲ್ಲ’ ಎಂಬ ನೀತಿಯೊಡನೆ ಬರುವ ಹೆಸರು. ಸತಾರ, ಝಾನ್ಸಿ, ನಾಗಪುರಗಳ ಪಟ್ಟಿಯನ್ನು ಮಕ್ಕಳು ಕಂಠಪಾಠ ಮಾಡಿ ಒಪ್ಪಿಸುತ್ತಾರೆ. ಆ ಆಜ್ಞೆಗಳಿಗೆ ಸಹಿ ಹಾಕಿದ ಮನುಷ್ಯನಿಗೆ ಕೊನೆಯ ವರ್ಷಗಳಲ್ಲಿ ನೆಟ್ಟಗೆ ನಿಲ್ಲಲೂ ಆಗುತ್ತಿರಲಿಲ್ಲವೆಂಬುದು ಪಠ್ಯದಲ್ಲಿ ಇಲ್ಲ, ಇರಬೇಕಾದ ಅಗತ್ಯವೂ ಬಹುಶಃ ಇಲ್ಲ. ಆದರೆ ದೀರ್ಘಕಾಲದ ಬೇನೆ ಮತ್ತು ಅದರೊಂದಿಗೆ ಬರುವ ದಣಿವು ಎಂಬ ವಿಷಯವನ್ನು ನಮ್ಮ ನೆಲದ ಚರಿತ್ರೆಯೊಳಗೇ ನಿಂತು ಯೋಚಿಸಬೇಕೆಂದರೆ, ಇವನ ಬದುಕಿಗಿಂತ ಹತ್ತಿರದ ಉದಾಹರಣೆ ನನಗೆ ಕಾಣದು.

ಜೇಮ್ಸ್ ಆಂಡ್ರ್ಯೂ ಬ್ರೌನ್ ರಾಮ್ಸೆ ಹುಟ್ಟಿದ್ದು 1812ರ ಏಪ್ರಿಲ್ 22ರಂದು, ಸ್ಕಾಟ್ಲೆಂಡಿನ ಡಾಲ್‌ಹೌಸಿ ಕೋಟೆಯಲ್ಲಿ. ತಂದೆ ಒಂಬತ್ತನೆಯ ಅರ್ಲ್, ಸೇನಾಧಿಕಾರಿ. ತಂದೆಗೆ ಕೆನಡಾದಲ್ಲಿ ಅಧಿಕಾರವಿದ್ದುದರಿಂದ ಬಾಲ್ಯದ ಕೆಲವು ವರ್ಷಗಳು ಅಲ್ಲಿ ಕಳೆದವು. ಮುಂದೆ ಅದೇ ತಂದೆ ಭಾರತದಲ್ಲಿ ಮಹಾದಂಡನಾಯಕನೂ ಆದನು. ಹ್ಯಾರೋ ಶಾಲೆ, ಅನಂತರ ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜು. ಇವುಗಳ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಅಣ್ಣಂದಿರು ತೀರಿಕೊಂಡುದರಿಂದ 1838ರಲ್ಲಿ ತಂದೆಯ ಬಿರುದು ಇವನಿಗೆ ಬಂದಿತು. ಅದಕ್ಕೆ ಎರಡು ವರ್ಷ ಮೊದಲೇ, 1836ರಲ್ಲಿ, ಸೂಸನ್ ಹೇ ಎಂಬಾಕೆಯೊಡನೆ ವಿವಾಹವಾಗಿತ್ತು. ಈಕೆಯ ತಂದೆ ಟ್ವೀಡೇಲ್‌ನ ಮಾರ್ಕ್ವಿಸ್ 1842ರಿಂದ 1848ರವರೆಗೆ ಮದ್ರಾಸಿನ ಗವರ್ನರನಾಗಿದ್ದವನು. ಹೀಗಾಗಿ ನೀಲಗಿರಿಯೂ ಸೇರಿದ್ದ ಮದ್ರಾಸ್ ಪ್ರಾಂತ್ಯ ಆ ಕುಟುಂಬಕ್ಕೆ ಹೊಸದೇನೂ ಆಗಿರಲಿಲ್ಲ.

ದೇಹ ಮೊದಲ ಬಾರಿಗೆ ಸೋತದ್ದು ಭಾರತದ ಬಿಸಿಲಿನಲ್ಲಿ ಅಲ್ಲ, ಲಂಡನ್ನಿನ ಕಚೇರಿಯಲ್ಲಿ. 1843ರಲ್ಲಿ ವಾಣಿಜ್ಯ ಮಂಡಳಿಯ ಉಪಾಧ್ಯಕ್ಷನಾಗಿ, 1845ರಲ್ಲಿ ಅಧ್ಯಕ್ಷನಾಗಿ ಅವನು ಕೆಲಸ ಮಾಡಿದನು. ಆಗ ಇಂಗ್ಲೆಂಡಿನಲ್ಲಿ ರೈಲ್ವೆಯ ಹುಚ್ಚು ಹಿಡಿದಿದ್ದ ಕಾಲ. ನೂರಾರು ಕಂಪನಿಗಳ ಯೋಜನೆಗಳು ಮಂಡಳಿಯ ಮುಂದೆ ರಾಶಿ ಬೀಳುತ್ತಿದ್ದವು. ಅವುಗಳನ್ನು ಒಂದೊಂದಾಗಿ ಓದಿ ತೀರ್ಮಾನಿಸಲು ರಾತ್ರಿಗಳು ಸಾಲದೆ ಹೋದವು. ಮೂವತ್ತನಾಲ್ಕರ ಹರೆಯಕ್ಕೇ ಆರೋಗ್ಯ ಕುಸಿಯಿತೆಂದು ಅವನ ಜೀವನಚರಿತ್ರೆ ಬರೆದವರು ಒಪ್ಪುತ್ತಾರೆ. ಅಷ್ಟು ದಣಿದಿದ್ದವನು ವಿಶ್ರಮಿಸದೆ ಇನ್ನೂ ದೊಡ್ಡ ಹೊರೆಯನ್ನು ಹೊತ್ತನು. 1848ರ ಜನವರಿ 12ರಂದು ಕಲ್ಕತ್ತೆಯಲ್ಲಿ ಗವರ್ನರ್ ಜನರಲ್ ಆಗಿ ಅಧಿಕಾರ ವಹಿಸಿಕೊಂಡಾಗ ಅವನಿಗೆ 35 ವರ್ಷ. ಅಲ್ಲಿಯವರೆಗೆ ಆ ಸ್ಥಾನಕ್ಕೆ ಅಷ್ಟು ಚಿಕ್ಕ ವಯಸ್ಸಿನವರು ಯಾರೂ ಬಂದಿರಲಿಲ್ಲ.

ಮುಂದಿನ ಎಂಟು ವರ್ಷಗಳ ವೃತ್ತಾಂತ ಎಲ್ಲ ಚರಿತ್ರೆಯ ಪುಸ್ತಕಗಳಲ್ಲೂ ಇದೆ. 1849ರಲ್ಲಿ ಪಂಜಾಬ್, 1852ರಲ್ಲಿ ಬರ್ಮಾದ ಪೆಗು ಪ್ರಾಂತ್ಯ, ಉತ್ತರಾಧಿಕಾರಿಯಿಲ್ಲವೆಂಬ ನೆಪದಲ್ಲಿ ಒಂದರ ಹಿಂದೊಂದರಂತೆ ದೇಶೀಯ ಸಂಸ್ಥಾನಗಳು ಕಂಪನಿಯ ವಶವಾದವು. 1853ರ ಏಪ್ರಿಲ್ 16ರಂದು ಬೊಂಬಾಯಿಯಿಂದ ಠಾಣೆಗೆ ರೈಲು ಓಡಿತು. ತಂತಿ ಕಂಬಗಳು ನಾಡಿನ ಉದ್ದಗಲಕ್ಕೆ ನಡೆದವು. 1854ರಲ್ಲಿ ಅರ್ಧ ಆಣೆಗೆ ದೇಶದ ಯಾವ ಮೂಲೆಗಾದರೂ ಕಾಗದ ಕಳುಹಿಸುವ ಅಂಚೆ ವ್ಯವಸ್ಥೆ ಬಂದಿತು. ಲೋಕೋಪಯೋಗಿ ಇಲಾಖೆ ರೂಪುಗೊಂಡಿತು. ಒಳಿತು ಕೆಡುಕುಗಳ ಲೆಕ್ಕ ಇಲ್ಲಿ ಬೇಡ. ಇದನ್ನೆಲ್ಲ ಅವನು ಹೇಗೆ ಮಾಡಿದನೆಂಬುದಷ್ಟೇ ನಮಗೆ ಮುಖ್ಯ. ಬೆಳಗಿನಿಂದ ಸಂಜೆಯವರೆಗೆ ಮೇಜು ಬಿಟ್ಟು ಏಳದೆ, ಮಧ್ಯಾಹ್ನದ ಉಪಾಹಾರವನ್ನೂ ಕಡತಗಳ ನಡುವೆಯೇ ಮುಗಿಸುತ್ತ, ತನ್ನ ಟಿಪ್ಪಣಿಗಳನ್ನು ತಾನೇ ಬರೆಯುತ್ತ ದಿನಗಳನ್ನು ಕಳೆದನು. ಇತರರಿಗೆ ಬಿಟ್ಟುಕೊಡುವ ಸ್ವಭಾವ ಅವನದಾಗಿರಲಿಲ್ಲ. ದೇಹ ಪ್ರತಿಭಟಿಸಿದಾಗಲೆಲ್ಲ ಗಿರಿಧಾಮಕ್ಕೆ ಹೋಗುತ್ತಿದ್ದನು. ಅಲ್ಲಿಗೂ ಕಡತಗಳು ಹಿಂಬಾಲಿಸುತ್ತಿದ್ದವು. ಸಿಮ್ಲಾ ಸಾಲದೆಂದು ಹಿಮಾಲಯದ ಒಳಗಿನ ಚೀನಿ ಎಂಬ ಹಳ್ಳಿಗೂ, ಅಂದರೆ ಇಂದಿನ ಕಿನ್ನೌರಿನ ಕಲ್ಪಾಕ್ಕೂ, ಆರೋಗ್ಯ ಅರಸಿ ಹೋಗಿದ್ದನು. ಚಂಬಾ ಸೀಮೆಯಲ್ಲಿ 1854ರಲ್ಲಿ ಆರಂಭವಾದ ಗಿರಿಧಾಮಕ್ಕೆ ಅವನ ಹೆಸರನ್ನೇ ಇಟ್ಟರು.

1853ನೆಯ ವರ್ಷ ಮನಸ್ಸನ್ನೂ ಮುರಿಯಿತು. ಅನಾರೋಗ್ಯದಿಂದ ಸ್ವದೇಶಕ್ಕೆ ಹೊರಟಿದ್ದ ಪತ್ನಿ ಸೂಸನ್, ಹಡಗು ಇಂಗ್ಲೆಂಡಿನ ತೀರವನ್ನು ಸಮೀಪಿಸುತ್ತಿದ್ದಾಗಲೇ ಮೇ 6ರಂದು ತೀರಿಕೊಂಡಳು. ಆ ಸುದ್ದಿ ಭಾರತಕ್ಕೆ ತಲುಪಲು ವಾರಗಳೇ ಹಿಡಿದವು. ಅಷ್ಟು ದಿನವೂ ಹೆಂಡತಿ ಬದುಕಿದ್ದಾಳೆಂದೇ ನಂಬಿ ಅವನು ಕೆಲಸ ಮಾಡುತ್ತಿದ್ದನು. ಶೋಕವನ್ನೂ ಅವನು ಕೆಲಸದಲ್ಲಿಯೇ ಹೂತನು. ಈ ವೇಳೆಗೆ ಕಾಲಿನ ಎಲುಬಿಗೆ ಸಂಬಂಧಿಸಿದ, ಯಾವ ಚಿಕಿತ್ಸೆಗೂ ಬಗ್ಗದ ಬೇನೆಯೊಂದು ಬೇರೂರಿತ್ತು. ನಡೆದರೆ ನೋವು, ನಡೆಯದಿದ್ದರೆ ಬಲಹೀನತೆ.

1855ರಲ್ಲಿ ವೈದ್ಯರು ಅವನನ್ನು ಬಂಗಾಳದಿಂದ ದೂರ, ನೀಲಗಿರಿಗೆ ಕಳುಹಿಸಿದರು. ಹಿರಿಯ ಮಗಳು ಸೂಸನ್ ಜೊತೆಯಲ್ಲಿದ್ದಳು. ಇಂದಿನ ಓದುಗರು ಆ ಪ್ರಯಾಣವನ್ನು ಮೆಟ್ಟುಪಾಳ್ಯದ ಪುಟ್ಟ ರೈಲಿನೊಂದಿಗೆ ಕಲ್ಪಿಸಿಕೊಳ್ಳಬಾರದು. ಆ ರೈಲು ಕೂನೂರಿಗೆ ಬಂದದ್ದು 1899ರಲ್ಲಿ, ಉದಕಮಂಡಲಕ್ಕೆ 1908ರಲ್ಲಿ. 1855ರಲ್ಲಿ ಘಟ್ಟ ಏರಲು ಕುದುರೆ ಬೇಕಿತ್ತು, ಕುದುರೆ ಏರಲಾಗದವರಿಗೆ ಹೊರುವ ಹೆಗಲುಗಳು ಬೇಕಿದ್ದವು. ರೋಗಿಗಳನ್ನು ಮೇನೆ, ಕುರ್ಚಿಗಳಲ್ಲಿ ಹೊತ್ತು ತರುವುದು ಆ ದಾರಿಗಳಲ್ಲಿ ನಿತ್ಯದ ನೋಟ. ಹೊತ್ತವರ ಮೊಣಕಾಲುಗಳ ಕಥೆಯನ್ನು ಯಾವ ವೈದ್ಯನೂ ಬರೆದಿಡಲಿಲ್ಲ.

ಬೆಟ್ಟದ ಹವೆಯನ್ನೇ ಔಷಧವೆಂದು ನಂಬಿದ್ದ ಕಾಲವದು. 1834ರಲ್ಲೇ ರಾಬರ್ಟ್ ಬೈಕಿ ಎಂಬ ಸೇನಾ ವೈದ್ಯ ನೀಲಗಿರಿಯ ಹವಾಗುಣವನ್ನೂ ಅದರಿಂದ ರೋಗಿಗಳಿಗಾಗುವ ಪ್ರಯೋಜನವನ್ನೂ ಕುರಿತು ಪುಸ್ತಕ ಬರೆದಿದ್ದನು. ಬಯಲಿನ ಜ್ವರಗಳಿಂದ ನರಳಿದ ಸಿಪಾಯಿಗಳಿಗಾಗಿ ಜಗತಳದಲ್ಲಿ, ಅಂದರೆ ಮುಂದೆ ವೆಲ್ಲಿಂಗ್ಟನ್ ಎಂದು ಹೆಸರಾದ ಊರಿನಲ್ಲಿ, ಬ್ಯಾರಕ್ಕುಗಳು ಏಳುತ್ತಿದ್ದವು. ಜ್ವರದವರಿಗೆ ತಂಪು ಹವೆ ನೆಮ್ಮದಿ ತಂದಿರಬಹುದು. ಎಲುಬು ಮತ್ತು ಕೀಲುಗಳ ಬೇನೆಯವರಿಗೆ ಉದಕಮಂಡಲದ ಮುಂಗಾರು ಎಂಥದೆಂಬುದನ್ನು ಬೆಟ್ಟದ ಮಕ್ಕಳಿಗೆ ವಿವರಿಸಬೇಕಾಗಿಲ್ಲ. ಡಾಲ್‌ಹೌಸಿ ಮೊದಲು ಉದಕಮಂಡಲದಲ್ಲಿದ್ದು, ಆಮೇಲೆ ಕೋತಗಿರಿಗೆ ಬಂದನು. ಕಾರಣ ಭೂಗೋಳದಲ್ಲಿದೆ. 2,637 ಮೀಟರ್ ಎತ್ತರದ ದೊಡ್ಡಬೆಟ್ಟ ನೈಋತ್ಯ ಮಾರುತವನ್ನು ತಡೆದು ನಿಲ್ಲಿಸುವುದರಿಂದ ಅದರ ಪೂರ್ವಕ್ಕಿರುವ ಕೋತಗಿರಿಗೆ ಜೂನ್‌ನಿಂದ ಆಗಸ್ಟ್‌ವರೆಗೆ ಉದಕಮಂಡಲದಷ್ಟು ಮಳೆಯಿಲ್ಲ, ಅಷ್ಟು ಕೊರೆಯುವ ಚಳಿಯೂ ಇಲ್ಲ. ನಮ್ಮ ಮಳೆ ಹೆಚ್ಚಾಗಿ ಹಿಂಗಾರಿನದು. ಕೋತರ ಬೆಟ್ಟವೆಂಬ ಅರ್ಥದ ಈ ಊರು, ಸುತ್ತಲೂ ಬಡಗರ ಹಟ್ಟಿಗಳು, ಇಳಿಜಾರಿನಲ್ಲಿ ಇರುಳರ, ಕುರುಂಬರ ಕಾಡುಗಳು. ಮೈಸೂರು ಸೀಮೆಯಿಂದ ಬಂದವರೆನ್ನುವ ಬಡಗರ ಮಾತು ಕನ್ನಡದ ಒಡಹುಟ್ಟು. ಆ ದಿನಗಳಲ್ಲಿ ಭಾರತದ ಅಧಿಪತಿಯ ಕಿವಿಗೆ ಕಿಟಕಿಯಾಚೆಯಿಂದ ಬೀಳುತ್ತಿದ್ದ ಮಾತು ಅದೇ ಎಂದು ಊಹಿಸುವುದು ಕಷ್ಟವಲ್ಲ.

ವಿಶ್ರಾಂತಿ ಸಿಕ್ಕಿತೇ? ಕಡತಗಳು ಇಲ್ಲವೆನ್ನುತ್ತವೆ. ಅವಧ್ ಸಂಸ್ಥಾನವನ್ನು ಕುರಿತ ಅವನ ದೀರ್ಘ ಟಿಪ್ಪಣಿಯ ದಿನಾಂಕ 1855ರ ಜೂನ್ 18. ಆಗ ಅವನಿದ್ದುದು ನೀಲಗಿರಿಯಲ್ಲಿ. ಅದೇ ತಿಂಗಳ ಕೊನೆಯಲ್ಲಿ ಬಂಗಾಳದ ಪಶ್ಚಿಮ ಅಂಚಿನಲ್ಲಿ ಸಂತಾಲರು ದಂಗೆಯೆದ್ದಾಗಲೂ ಅವನು ಇಲ್ಲಿಯೇ ಇದ್ದನು. ಅವಧಿ ಮುಗಿದಿದ್ದರೂ, ದೇಹ ಬೇಡವೆನ್ನುತ್ತಿದ್ದರೂ, ಅವಧ್‌ನ ಕೆಲಸ ಮುಗಿಸಿಯೇ ಹೋಗುವುದಾಗಿ ತಾನಾಗಿಯೇ ಒಪ್ಪಿಕೊಂಡನು. ಆ ವರ್ಷದ ಕೊನೆಗೆ ಕಲ್ಕತ್ತೆಗೆ ಮರಳಿದನು. 1856ರ ಫೆಬ್ರವರಿಯಲ್ಲಿ ವಾಜಿದ್ ಅಲಿ ಷಾ ಸಿಂಹಾಸನ ಕಳೆದುಕೊಂಡನು. ಬೆಟ್ಟದ ಮೇಲೆ ಚಿಕಿತ್ಸೆಗೆಂದು ಕಳೆದ ತಿಂಗಳುಗಳಲ್ಲಿಯೇ ಲಕ್ಷಾಂತರ ಜನರ ಭವಿಷ್ಯ ಬರೆಯಲ್ಪಟ್ಟಿತು. ದಣಿದ ಮನುಷ್ಯ ಕೆಟ್ಟ ತೀರ್ಪು ಕೊಡುತ್ತಾನೆಂದು ನಾನು ಹೇಳುತ್ತಿಲ್ಲ. ಆರೋಗ್ಯವಂತನಾಗಿದ್ದಾಗಲೂ ಅವನ ನೀತಿ ಇದೇ ಆಗಿತ್ತು. ಬೇನೆಯನ್ನು ಮುಂದಿಟ್ಟು ಅವನಿಗೆ ವಿನಾಯಿತಿ ಕೊಡುವುದು ಸರಿಯಲ್ಲ. ಅವನ ನೀತಿಯ ಮೇಲಿನ ಸಿಟ್ಟಿನಿಂದ ಬೇನೆಯನ್ನೇ ಅಲ್ಲಗಳೆಯುವುದೂ ಸರಿಯಲ್ಲ.

ಇಲ್ಲಿ ವೈದ್ಯಶಾಸ್ತ್ರದ ಕಡೆಗೆ ಸ್ವಲ್ಪ ಹೊರಳಬೇಕು. ಅವನ ಕಾಲಿನ ಬೇನೆಗೆ ಇಂದಿನ ಹೆಸರೊಂದನ್ನು ಅಂಟಿಸುವುದು ಅವಿವೇಕ. ಎಲುಬು, ಕೀಲು, ಸ್ನಾಯುಗಳ ನೋವುಗಳನ್ನು ಬೇರ್ಪಡಿಸಿ ನೋಡುವ ಕೆಲಸ ಆಗಿನ್ನೂ ನಡೆಯುತ್ತಿತ್ತು. ಲಂಡನ್ನಿನ ವೈದ್ಯ ಆಲ್ಫ್ರೆಡ್ ಬೇರಿಂಗ್ ಗ್ಯಾರಡ್ ‘ರುಮಟಾಯ್ಡ್ ಆರ್ಥರೈಟಿಸ್’ ಎಂಬ ಹೆಸರನ್ನು ತನ್ನ ಪುಸ್ತಕದಲ್ಲಿ ಬಳಸಿದ್ದು 1859ರಲ್ಲಿ, ಡಾಲ್‌ಹೌಸಿಯ ಮರಣಕ್ಕೆ ಒಂದು ವರ್ಷ ಮೊದಲು. ಕೀಲುನೋವಿಗೆ ಸ್ಯಾಲಿಸಿಲೇಟ್ ಕೊಡುವ ಪದ್ಧತಿ ಬಂದದ್ದು 1876ರಲ್ಲಿ, ಆಸ್ಪಿರಿನ್ 1899ರಲ್ಲಿ. ಅದಕ್ಕೂ ಮುಂಚಿನ ವೈದ್ಯನ ಕೈಯಲ್ಲಿದ್ದುದು ಅಫೀಮಿನ ದ್ರಾವಣ, ಜಿಗಣೆ, ಪಾದರಸದ ಪುಡಿ, ಭೇದಿ ಮದ್ದು, ಸ್ನಾನ, ಮತ್ತು ಊರು ಬದಲಾಯಿಸುವ ಸಲಹೆ. ಇವುಗಳಲ್ಲಿ ಕೆಲವು ರೋಗಿಯನ್ನು ಇನ್ನಷ್ಟು ಬಳಲಿಸುವಂಥವು.

ನೋವಿಗೆ ಹೆಸರಿತ್ತು, ದಣಿವಿಗೆ ಇರಲಿಲ್ಲ. ಪಾಶ್ಚಾತ್ಯ ವೈದ್ಯರು ಅದನ್ನು ಅತಿ ದುಡಿಮೆಯ ಫಲವೆಂದೋ, ಮನೋದೌರ್ಬಲ್ಯವೆಂದೋ ಬದಿಗಿಡುತ್ತಿದ್ದರು. ಈ ವಿಷಯದಲ್ಲಿ ನಮ್ಮ ಹಳೆಯ ವೈದ್ಯ ಹೆಚ್ಚು ಗಮನವಿಟ್ಟು ನೋಡಿದ್ದನೆನ್ನಬೇಕು. ಸಾವಿರಕ್ಕೂ ಹೆಚ್ಚು ವರ್ಷ ಹಳೆಯದಾದ ಮಾಧವನಿದಾನದಲ್ಲಿ ಆಮವಾತದ ಲಕ್ಷಣಗಳನ್ನು ಹೇಳುವಾಗ ಕೀಲುಗಳ ಊತದೊಂದಿಗೆ ಮೈನೋವು, ಅರುಚಿ, ಆಲಸ್ಯ, ಮೈಭಾರ, ಜ್ವರಗಳನ್ನೂ ಎಣಿಸಲಾಗಿದೆ. ಆಲಸ್ಯ ಅಲ್ಲಿ ಬೈಗುಳವಲ್ಲ, ರೋಗದ ಒಂದು ಗುರುತು. ಆಧುನಿಕ ಸಂಧಿವಾತ ತಜ್ಞರು, ರುಮಟಾಯ್ಡ್ ಸಂಧಿವಾತದ ಪ್ರತಿಯೊಂದು ಔಷಧ ಪ್ರಯೋಗದಲ್ಲಿಯೂ ದಣಿವನ್ನು ಅಳೆಯಬೇಕೆಂದು ಅಂತಾರಾಷ್ಟ್ರೀಯ ಮಟ್ಟದಲ್ಲಿ ಶಿಫಾರಸು ಪ್ರಕಟಿಸಿದ್ದು 2007ರಲ್ಲಿ. ರೋಗಿಗಳೇ ಆ ಸಭೆಗಳಲ್ಲಿ ಕುಳಿತು, ನೋವಿಗಿಂತಲೂ ದಣಿವೇ ತಮ್ಮ ದಿನವನ್ನು ನುಂಗುತ್ತದೆಂದು ತಿಳಿಸಿದ ಮೇಲೆ.

ಆ ದಣಿವಿನ ಮೂಲ ಇಂದು ಬಹುಮಟ್ಟಿಗೆ ತಿಳಿದಿದೆ. ರುಮಟಾಯ್ಡ್ ಸಂಧಿವಾತದಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಒಳಪದರದ ಮೇಲೆ ತಿರುಗಿ ಬೀಳುತ್ತದೆ. ಆಗ ರಕ್ತದಲ್ಲಿ ಹರಿಯುವ ಉರಿಯೂತದ ರಾಸಾಯನಿಕಗಳು ಕೀಲಿನಲ್ಲಿಯೇ ನಿಲ್ಲದೆ ಮಿದುಳನ್ನೂ ಮುಟ್ಟುತ್ತವೆ. ಜ್ವರ ಬಂದಾಗ ಮೈ ಮಲಗಬೇಕೆನ್ನುವಂತೆ ಪ್ರತಿದಿನವೂ ಅನ್ನಿಸುತ್ತದೆ. ಅದಕ್ಕೆ ರಕ್ತಹೀನತೆ, ನೋವಿನಿಂದ ಮುರಿದ ನಿದ್ರೆ, ಬಳಸದೆ ಸೊರಗಿದ ಸ್ನಾಯು, ಕುಗ್ಗಿದ ಮನಸ್ಸು ಸೇರಿಕೊಳ್ಳುತ್ತವೆ. ಗಂಡಸರಿಗಿಂತ ಎರಡು ಮೂರು ಪಟ್ಟು ಹೆಚ್ಚು ಹೆಂಗಸರನ್ನು ಈ ರೋಗ ಹಿಡಿಯುತ್ತದೆ. ಚಹಾ ತೋಟದಲ್ಲಿ ಬೆರಳುಗಳಿಂದಲೇ ಬದುಕುವ ನಮ್ಮ ತಾಯಂದಿರಿಗೆ ಬೆಳಿಗ್ಗೆ ಒಂದು ಗಂಟೆಯ ಕಾಲ ಮುಷ್ಟಿ ಮುಚ್ಚಲಾಗದಿದ್ದರೆ ಅದು ಚಳಿಯ ಮರಗಟ್ಟುವಿಕೆ ಎಂದು ಬಿಟ್ಟುಬಿಡುವ ವಿಷಯವಲ್ಲ. ಮನೆಯಲ್ಲಿ ಬಡಗ ಅಥವಾ ಕನ್ನಡ, ಆಸ್ಪತ್ರೆಯಲ್ಲಿ ತಮಿಳು, ಔಷಧದ ಚೀಟಿಯಲ್ಲಿ ಇಂಗ್ಲಿಷ್ ಎಂಬ ಸ್ಥಿತಿಯಲ್ಲಿ, ಕೀಲನ್ನು ಬೆರಳಿಟ್ಟು ತೋರಿಸಬಹುದು. ಸುಸ್ತನ್ನು ಎಲ್ಲಿ ಬೆರಳಿಟ್ಟು ತೋರಿಸುವುದು? ಅದಕ್ಕೆ ಮಾತೇ ಬೇಕು. ಹಿರಿಯರೊಡನೆ ಹೋಗುವ ಓದಿದ ಮಕ್ಕಳು ಈ ಒಂದು ಲಕ್ಷಣವನ್ನು ಅನುವಾದಿಸದೆ ಬಿಡಬಾರದು.

ಚಿಕಿತ್ಸೆಯೂ ಬಹುದೂರ ಬಂದಿದೆ. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಕೊಟ್ಟ ಕಾರ್ಟಿಸೋನ್‌ನಿಂದ ಹಾಸಿಗೆ ಹಿಡಿದ ರೋಗಿ ಎದ್ದು ನಡೆದಾಗ ಜಗತ್ತು ಬೆರಗಾಯಿತು. 1950ರಲ್ಲಿ ಅವನಿಗೆ ನೊಬೆಲ್ ಬಂದಿತು. ಅದರ ಅಡ್ಡಪರಿಣಾಮಗಳು ಕಾಣಿಸಿಕೊಳ್ಳಲೂ ಹೆಚ್ಚು ಕಾಲ ಬೇಕಾಗಲಿಲ್ಲ. ಇಂದು ಮೊದಲ ಆಯ್ಕೆ ಮೆಥೊಟ್ರೆಕ್ಸೇಟ್. ಅದನ್ನು ನುಂಗಬೇಕಾದದ್ದು ವಾರಕ್ಕೆ ಒಂದೇ ದಿನ. ದಿನವೂ ನುಂಗಿ ಪ್ರಾಣಾಪಾಯ ತಂದುಕೊಂಡ ಪ್ರಸಂಗಗಳು ಇರುವುದರಿಂದ ಚೀಟಿಯನ್ನು ಓದಲಾಗದವರಿಗೆ ವಾರದ ಹೆಸರನ್ನು ಅವರ ಮಾತಿನಲ್ಲಿಯೇ ಹೇಳಿಕೊಡುವುದು ಅತ್ಯಗತ್ಯ. ಔಷಧ ಊತವನ್ನು ಇಳಿಸಿದ ಮೇಲೂ ಕೆಲವರಲ್ಲಿ ದಣಿವು ಉಳಿಯುತ್ತದೆ. ಅಂಥವರಿಗೆ ಬರಿಯ ಮಲಗುವಿಕೆಗಿಂತ ಅಳತೆಯರಿತ ನಡಿಗೆ ಮತ್ತು ವ್ಯಾಯಾಮ, ದಿನದ ಕೆಲಸವನ್ನು ಹಂಚಿಕೊಂಡು ಮಾಡುವ ಅಭ್ಯಾಸ, ನಿದ್ರೆ ಹಾಗೂ ಮನಸ್ಸಿನ ಚಿಕಿತ್ಸೆ ಉಪಕಾರಿಯೆಂದು ತಿಳಿದುಬಂದಿದೆ. ಕೆಲಸವನ್ನು ಹಂಚಿಕೊಳ್ಳಲು ಒಪ್ಪದವನು ಡಾಲ್‌ಹೌಸಿ. ಹಂಚಿಕೊಳ್ಳಲು ಯಾರೂ ಇಲ್ಲದವರು ದಿನಗೂಲಿಯವರು. ಇವೆರಡೂ ಒಂದೇ ಅಲ್ಲ.

ಮತ್ತೆ ಅವನ ಕಥೆಗೆ ಬರೋಣ. ಕನ್ನಡಿಗರಿಗೆ ಅತಿ ಹತ್ತಿರದ ಭಾಗ ಇದು. 1856ರ ಜನವರಿಯಲ್ಲಿ, ಅಧಿಕಾರ ಬಿಡಲು ಎರಡು ತಿಂಗಳೂ ಇಲ್ಲದಿದ್ದಾಗ, ಅವನು ಮೈಸೂರನ್ನು ಕುರಿತು ಟಿಪ್ಪಣಿ ಬರೆದನು. ಮುಮ್ಮಡಿ ಕೃಷ್ಣರಾಜ ಒಡೆಯರ ಆಡಳಿತವನ್ನು ಕಂಪನಿ 1831ರಲ್ಲಿಯೇ ಕಿತ್ತುಕೊಂಡಿತ್ತು. ಮಾರ್ಕ್ ಕಬ್ಬನ್ ಕಮಿಷನರನಾಗಿ ಬೆಂಗಳೂರಿನಿಂದ ಆಳುತ್ತಿದ್ದನು. 1799ರ ಏರ್ಪಾಡು ಒಡೆಯರ ವ್ಯಕ್ತಿಗತ ಹಕ್ಕಿಗೆ ಸಂಬಂಧಿಸಿದ್ದು, ಅವರಿಗೆ ಔರಸ ಪುತ್ರರಿಲ್ಲ, ಆದ್ದರಿಂದ ಅವರ ಕಾಲಾನಂತರ ಮೈಸೂರು ಕಂಪನಿಗೆ ಸೇರತಕ್ಕದ್ದು ಎಂಬುದು ಆ ಟಿಪ್ಪಣಿಯ ಸಾರ. ಒಡೆಯರು ಹುಟ್ಟಿದ್ದು 1794ರಲ್ಲಿ. ಆಗ ಅವರಿಗೆ 61 ವರ್ಷ. ಅವರ ಮರಣವನ್ನು ಲೆಕ್ಕ ಹಾಕುತ್ತಿದ್ದವನಿಗೆ 43, ಮತ್ತು ಅವನು ಊರುಗೋಲಿಲ್ಲದೆ ನಡೆಯಲಾರದ ಸ್ಥಿತಿಯಲ್ಲಿದ್ದನು.

ಫೆಬ್ರವರಿ 28ರ ದಿನಾಂಕದಲ್ಲಿ ತನ್ನ ಎಂಟು ವರ್ಷಗಳ ಆಡಳಿತದ ಸುದೀರ್ಘ ಸಮೀಕ್ಷೆಯನ್ನು ಅವನು ಮುಗಿಸಿದನು. ರೈಲು, ತಂತಿ, ಅಂಚೆ, ಕಾಲುವೆ, ಶಾಲೆ, ಎಲ್ಲವೂ ಅದರಲ್ಲಿವೆ. ಮರುದಿನ ಲಾರ್ಡ್ ಕ್ಯಾನಿಂಗ್ ಅಧಿಕಾರ ವಹಿಸಿಕೊಂಡನು. ಮಾರ್ಚ್ 6ರಂದು ಹಡಗು ಹತ್ತಿದ ಡಾಲ್‌ಹೌಸಿ ಮೇ 13ರಂದು ಇಂಗ್ಲೆಂಡ್ ತಲುಪಿದನು. ಕಂಪನಿ ವರ್ಷಕ್ಕೆ 5,000 ಪೌಂಡ್‌ಗಳ ವಿಶ್ರಾಂತಿ ವೇತನ ಕೊಟ್ಟಿತು. ವಿಶ್ರಾಂತಿ ಮಾತ್ರ ದೊರೆಯಲಿಲ್ಲ. ವರ್ಷ ಕಳೆಯುವಷ್ಟರಲ್ಲಿ 1857ರ ಮಹಾದಂಗೆ ಸಿಡಿದು, ಅದಕ್ಕೆ ಅವನ ನೀತಿಗಳೇ ಕಾರಣವೆಂಬ ಟೀಕೆ ಎಲ್ಲ ಕಡೆಯಿಂದ ಬಂದಿತು. ಅವನು ಬಹಿರಂಗವಾಗಿ ಉತ್ತರಿಸಲಿಲ್ಲ. ಮಾಲ್ವರ್ನ್ ಎಂಬ ಊರಿನ ಜಲಚಿಕಿತ್ಸೆ, ಮಾಲ್ಟಾ ದ್ವೀಪದ ಬಿಸಿಲು, ಎಡಿನ್‌ಬರೋದ ವೈದ್ಯರು ಎಂದು ತಿರುಗಿದನು. ನೀಲಗಿರಿಯ ತಂಪಿನಲ್ಲಿ ಸಿಗದುದನ್ನು ಮಾಲ್ಟಾದ ಬಿಸಿಯಲ್ಲಿ ಹುಡುಕಿದನೆಂಬುದೇ ಹವಾ ಚಿಕಿತ್ಸೆಯ ಮಿತಿಯನ್ನು ಹೇಳುತ್ತದೆ. 1860ರ ಡಿಸೆಂಬರ್ 19ರಂದು, 48ನೆಯ ವಯಸ್ಸಿನಲ್ಲಿ, ಹುಟ್ಟಿದ ಕೋಟೆಯಲ್ಲಿಯೇ ತೀರಿಕೊಂಡನು. ಮಾರ್ಕ್ವಿಸ್ ಬಿರುದಿಗೆ ಗಂಡು ಸಂತಾನವಿಲ್ಲದ್ದರಿಂದ ಅದು ಅವನೊಂದಿಗೆ ಕೊನೆಗೊಂಡಿತು. ಔರಸ ಪುತ್ರರಿಲ್ಲದವರ ರಾಜ್ಯಗಳನ್ನು ಮುಗಿಸಿದವನ ಬಿರುದು ಹಾಗೆ ಮುಗಿದುದನ್ನು ನಮ್ಮ ಹಿರಿಯರು ವಿಧಿಯೆನ್ನುತ್ತಿದ್ದರೋ ಏನೋ.

ಮುಮ್ಮಡಿಯವರು ಇನ್ನೂ ಏಳು ವರ್ಷಕ್ಕೂ ಮೇಲ್ಪಟ್ಟು ಬಾಳಿದರು. 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ಎರಡು ವರ್ಷಗಳ ನಂತರ ಬ್ರಿಟಿಷ್ ಸರ್ಕಾರ ಆ ದತ್ತನ್ನು ಒಪ್ಪಿತು. 1868ರಲ್ಲಿ ಒಡೆಯರು ನಿಧನರಾದರೂ ಮೈಸೂರು ಕಂಪನಿಯ ಪಾಲಾಗಲಿಲ್ಲ. ಆ ಹೊತ್ತಿಗೆ ಕಂಪನಿಯ ಆಡಳಿತವೇ ಇರಲಿಲ್ಲ. 1881ರಲ್ಲಿ ಆಡಳಿತ ಮರಳಿ ಅರಸುಮನೆತನಕ್ಕೆ ಬಂದಿತು.

ತನ್ನ ಖಾಸಗಿ ಕಾಗದಪತ್ರಗಳನ್ನು 50 ವರ್ಷ ಕಳೆಯುವವರೆಗೆ ಪ್ರಕಟಿಸಕೂಡದೆಂದು ಡಾಲ್‌ಹೌಸಿ ಉಯಿಲಿನಲ್ಲಿ ಬರೆದಿಟ್ಟಿದ್ದನು. ಅವಧಿ ತುಂಬಿದ 1910ರಲ್ಲಿ, ಆಪ್ತ ಸ್ನೇಹಿತ ಜಾರ್ಜ್ ಕೂಪರ್‌ಗೆ ಅವನು ಬರೆದ ಪತ್ರಗಳ ಸಂಪುಟ ಹೊರಬಂದಿತು. ದಂಗೆಯ ರಹಸ್ಯಗಳಿಗಾಗಿ ಅದನ್ನು ತೆರೆದವರಿಗೆ ರಾಜಕಾರಣದೊಂದಿಗೆ ಇನ್ನೊಂದು ಸಂಗತಿಯೂ ಸಿಕ್ಕಿತು: ಸರ್ಕಾರದ ಯಾವ ಟಿಪ್ಪಣಿಯಲ್ಲೂ ತೋರಗೊಡದಿದ್ದ ಕಾಲಿನ ನೋವು ಮತ್ತು ಬಳಲಿಕೆ.